ಅಂಟಾರ್ಕ್ಟಿಕಾ ಹಡಗಿನಲ್ಲಿ ಸ್ಟೋರ್ ಕೆಲಸ ಸಿಕ್ಕಿದೆ, ಸಮುದ್ರದ ಭಯ. ಹೋಗಲಾ, ವಾಸ್ಕೋ ಗೋದಾಮಿನಲ್ಲೇ ಉಳಿಯಲಾ?

ಅಯ್ಯೋ, ಇದು ನನ್ನದೇ ಕಥೆ ಮಾರಾಯ್ರೆ. ನಾನು ಕುಮಟಾದವನು. ಗೋವಾದ ವಾಸ್ಕೋದಲ್ಲಿ ಒಬ್ಬ ಕಂಟ್ರಾಕ್ಟರ್ ಹತ್ತಿರ ಪ್ಯಾಕಿಂಗ್ ಕೆಲಸಕ್ಕಿದ್ದೆ. ಸಡಾದಲ್ಲಿ ಧ್ರುವ ಸಂಶೋಧನಾ ಕೇಂದ್ರ ಇದೆಯಲ್ಲ, ನಮ್ಮ ದೇಶದವರು ಅಂಟಾರ್ಕ್ಟಿಕಾಗೆ ಹೋಗುವ ಏರ್ಪಾಡೆಲ್ಲ ಅಲ್ಲಿಂದಲೇ. ಹಡಗಿಗೆ ನನ್ನ ಹೆಸರು ಬಂದಾಗ ನನಗೂ ವಾಂತಿಯದೇ ಚಿಂತೆ.

ವಾಂತಿ ಆಯಿತು. ಕೇಪ್‌ಟೌನ್ ಬಿಟ್ಟು 40 ಡಿಗ್ರಿ ದಕ್ಷಿಣ ದಾಟಿದ ಮೇಲೆ ಗಾಳಿಗೆ ಅಡ್ಡ ಬರುವ ನೆಲ ತೀರಾ ಕಡಿಮೆ. ಬಕೆಟ್ ಅಪ್ಪಿಕೊಂಡು ಐದು ದಿನ ಬಿದ್ದುಕೊಂಡಿದ್ದೆ. ಆರನೇ ದಿನ ಎದ್ದು ಅನ್ನ ಸಾರು ಉಂಡೆ. ಅಷ್ಟೇ ಆ ಕಥೆ.

ಮಾನ ಹೋಗಿದ್ದು ಒಂದು ಮಾರ್ಕರ್ ಪೆನ್ನಿನಿಂದ.

ಅಂಟಾರ್ಕ್ಟಿಕಾದಲ್ಲಿ ನಮ್ಮವು ಎರಡು ಸಂಶೋಧನಾ ಸ್ಟೇಷನ್. 1989ರ ಮೈತ್ರಿ, 2012ರ ಭಾರತಿ. ನಡುವೆ ಸುಮಾರು 3000 ಕಿಲೋಮೀಟರ್. ಹಡಗು ಬರುವುದು ವರ್ಷಕ್ಕೊಮ್ಮೆ. ಮೈತ್ರಿಯ ಡಬ್ಬಕ್ಕೆ 'ಎಂ', ಭಾರತಿಯದಕ್ಕೆ 'ಬಿ' ಎಂದು ಬರೆಯಬೇಕು. ನಾನು ಬರೆದೆ, ಆದರೆ ಒಂದೇ ಬದಿಗೆ. ಡಬ್ಬಕ್ಕೆ ಆರು ಬದಿ ಇದೆ, ಅಲ್ವಾ? ಒಂದರ ಮೇಲೊಂದು ಪೇರಿಸಿ ಪ್ಲಾಸ್ಟಿಕ್ ಸುತ್ತಿದಾಗ ಅಕ್ಷರ ಇದ್ದ ಬದಿ ಒಳಗೆ ಹೋಯಿತು. ಸಂಜೆ ಆಗಿತ್ತು, ಲಾರಿಯವನು ಹಾರ್ನ್ ಹೊಡೆಯುತ್ತಿದ್ದ. ಎರಡು ಡಬ್ಬ ಮಾತ್ರ ನೆಲದ ಮೇಲೆ ಉಳಿದಿದ್ದವು. ಬರೆದದ್ದು ನನ್ನದೇ ಬೆವರು ಕೈ ತಾಗಿ ಅಳಿಸಿತ್ತು. ಡಬ್ಬದ ನಂಬರ್ ಪಟ್ಟಿಯಲ್ಲಿತ್ತು. ಪಟ್ಟಿ ಮೇಜಿನ ಮೇಲಿತ್ತು. ಮೇಜು ಇಪ್ಪತ್ತು ಹೆಜ್ಜೆ ದೂರ. ಹೋಗಲಿಲ್ಲ. ಪಕ್ಕದಲ್ಲಿ ಭಾರತಿಯ ಮೈದಾ ಇತ್ತು. ಇವೂ ಅದರ ಜೊತೆಯವೇ ಇರಬೇಕು ಅಂತ ಸುಮ್ನೆ 'ಬಿ' ಗೀಚಿ ಸೇರಿಸಿಬಿಟ್ಟೆ. ಗೀಚುವಾಗ ಒಂದು ಸಲ ಕೈ ತಡೆದಿತ್ತು, ಅದೇ ಈಗಲೂ ಚುಚ್ಚುವುದು.

ಹಡಗು ಮೊದಲು ಭಾರತಿಗೆ ಹೋಯಿತು, ಆಮೇಲೆ ಮೈತ್ರಿ ಕಡೆಗೆ. ಮೈತ್ರಿ ಇರುವುದು ಹಡಗು ನಿಲ್ಲುವ ಹಿಮದಂಚಿನಿಂದ ಸುಮಾರು 100 ಕಿಲೋಮೀಟರ್ ಒಳಗೆ. ಪಿಸ್ಟನ್ ಬುಲ್ಲಿ ಗಾಡಿಗಳು ಸಾಮಾನನ್ನು ಹಿಮದ ಮೇಲೆ ಎಳೆದುಕೊಂಡು ಹೋಗುತ್ತವೆ. ಆ ಗಾಡಿಯ ಜೊತೆ ಬಂದಿದ್ದ ಅಡುಗೆಯವರು ಬೆಳಗಾವಿ ಕಡೆಯವರು. ಪಟ್ಟಿಗೆ ಟಿಕ್ ಹಾಕುತ್ತಾ ತಲೆ ಎತ್ತಿ ಕೇಳಿದರು: "ತಮ್ಮಾ, ಯೀಸ್ಟ್ ಎಲ್ಲೈತಿ?"

ಬ್ರೆಡ್ಡಿನ ಹಿಟ್ಟು ಹುಬ್ಬಿಸುವ ಯೀಸ್ಟ್ ಭಾರತಿಯಲ್ಲಿತ್ತು. ಇಪ್ಪತ್ತೈದು ಜನರ ಚಳಿಗಾಲದ ಬ್ರೆಡ್ಡು, ಪಾವು ಎಲ್ಲ ಆ ಎರಡು ಡಬ್ಬದಲ್ಲಿ. ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಮೈತ್ರಿಯ ಪಕ್ಕದಲ್ಲೇ ರಷ್ಯನ್ನರ ನೊವೊಲಾಜರೆವ್‌ಸ್ಕಾಯಾ ಸ್ಟೇಷನ್ ಇದೆ. ಅಲ್ಲಿಂದ ಸ್ವಲ್ಪ ಕೇಳಿ ತಂದರಂತೆ. ಭಾನುವಾರ ಮಾತ್ರ ಬ್ರೆಡ್, ಉಳಿದ ದಿನ ಚಪಾತಿ.

ನಿಮ್ಮ ಪ್ರಶ್ನೆಯೇ ಸರಿ ಇಲ್ಲ ಅನ್ನುವುದು ಇದಕ್ಕೇ. ವಾಸ್ಕೋದಲ್ಲಿ ಉಳಿದರೆ ಸೇಫ್ ಅಂದುಕೊಂಡಿದ್ದೀರಿ. ನಾನು ಕೆಟ್ಟಿದ್ದು ವಾಸ್ಕೋದಲ್ಲೇ, ಗಟ್ಟಿ ನೆಲದ ಮೇಲೆ ನಿಂತು, ಹೊಟ್ಟೆ ತುಂಬಾ ಚಹಾ ಕುಡಿದು. ಹೋಗಿ. ಕಟ್ಟಿದವನೇ ಹೋಗಿ ಬಿಚ್ಚಬೇಕು. ಗೋದಾಮಿನಲ್ಲೇ ಉಳಿದಿದ್ದರೆ ಆ ಯೀಸ್ಟ್ ವಿಷಯ ನನಗೆ ಗೊತ್ತೇ ಆಗುತ್ತಿರಲಿಲ್ಲ, ಮರುವರ್ಷವೂ ಒಂದೇ ಬದಿಗೆ ಬರೆಯುತ್ತಿದ್ದೆ. ಕೇಪ್‌ಟೌನ್‌ನಿಂದ ವಿಮಾನವೂ ಇದೆ, ಐದಾರು ಗಂಟೆಯ ದಾರಿ. ಸ್ಟೋರ್‌ನವರು ಅದನ್ನು ಕೇಳಲೇಬಾರದು. ಸಾಮಾನು ಹೋಗುವುದು ಹಡಗಿನಲ್ಲಿ, ನೀವೂ ಅದರ ಜೊತೆಗೇ ಹೋಗಿ.

ವಾಂತಿಗೆ ಹೇಳಲೇಬೇಕು ಅಂದರೆ, ಕೆಳಗಿನ ಡೆಕ್ಕಿನಲ್ಲಿ, ಹಡಗಿನ ನಡುಭಾಗದಲ್ಲಿ ಮಲಗಲು ಜಾಗ ಕೇಳಿ. ಅಲ್ಲಿ ಓಲಾಟ ಕಡಿಮೆ. ಮಂಡಕ್ಕಿ ಒಂದು ಡಬ್ಬ ಒಯ್ಯಿರಿ, ಹೊಟ್ಟೆಯಲ್ಲಿ ನಿಲ್ಲುವುದು ಅದೊಂದೇ. ಡಬ್ಬದ ಆರೂ ಬದಿಗೆ ನಿಮ್ಮ ಹೆಸರು ಬರೆಯಿರಿ.