ದೆಹಲಿಯ ಮುಂಜಾನೆಯ ಮಂಜಿಗೆ ಬೆಂಗಳೂರಿನ ಸಂಜೆಯ ವಿಮಾನ ಏಕೆ ತಡವಾಗುತ್ತದೆ?

ಸಂಜೆ ನಿಮ್ಮನ್ನು ಕರೆದೊಯ್ಯಬೇಕಾದ ವಿಮಾನ ಅನೇಕ ವೇಳೆ ಬೆಳಿಗ್ಗೆ ಅದೇ ಮಂಜಿನಲ್ಲಿ ಸಿಲುಕಿದ್ದ ವಿಮಾನವೇ ಆಗಿರುತ್ತದೆ. ದೇಶದೊಳಗೆ ಒಂದೇ ವಿಮಾನ ದಿನಕ್ಕೆ ಹಲವು ಬಾರಿ ಹಾರುತ್ತದೆ. ಬೆಂಗಳೂರಿನಿಂದ ತಡವಾಗಿ ಬಂದ ಬಸ್ಸೇ ದಾವಣಗೆರೆಯಿಂದ ಮರಳಿ ಹೊರಡಬೇಕಾದಂತೆ, ಮೊದಲ ಹಾರಾಟದ ವಿಳಂಬ ಮುಂದಿನವುಗಳಿಗೂ ದಾಟುತ್ತದೆ.

ಮಂಜಿನಲ್ಲಿ ವಿಮಾನ ಇಳಿಯಲಾರದು ಎಂಬುದು ಪೂರ್ಣ ಸತ್ಯವಲ್ಲ. ‘ಕ್ಯಾಟ್-3ಬಿ’ ಎಂಬ ಮಾರ್ಗದರ್ಶಕ ವ್ಯವಸ್ಥೆಯಿರುವ ದೆಹಲಿಯಲ್ಲಿ, ರನ್‌ವೇ ಮೇಲೆ 50 ಮೀಟರ್ ಮಾತ್ರ ಕಾಣುತ್ತಿದ್ದರೂ, ತರಬೇತಿ ಪಡೆದ ಪೈಲಟ್ ಮತ್ತು ಸಜ್ಜಾದ ವಿಮಾನವಿದ್ದರೆ ಇಳಿಯಬಹುದು. ಆದರೆ ಆ ಇಳಿಕೆ ನೆಲದಿಂದ ಹೊರಡುವ ರೇಡಿಯೊ ಸಂಕೇತವನ್ನೇ ಅವಲಂಬಿಸಿದೆ. ರನ್‌ವೇ ಬಳಿ ಇನ್ನೊಂದು ವಿಮಾನ ನಿಂತಿದ್ದರೆ ಅದರ ಲೋಹದ ಮೈ ಸಂಕೇತವನ್ನು ಪ್ರತಿಫಲಿಸಿ ಕೆಡಿಸಬಹುದು. ಹೀಗಾಗಿ ಮೊದಲು ಇಳಿದ ವಿಮಾನ ಸಾಕಷ್ಟು ದೂರ ಸರಿಯುವವರೆಗೂ ಮುಂದಿನದಕ್ಕೆ ಅನುಮತಿ ಸಿಗುವುದಿಲ್ಲ, ನಡುವಿನ ಅಂತರ ಹೆಚ್ಚುತ್ತದೆ, ಗಂಟೆಗೆ ಇಳಿಯುವ ವಿಮಾನಗಳ ಸಂಖ್ಯೆ ಕುಸಿಯುತ್ತದೆ. ಬಿಡುವಿಲ್ಲದ ನಿಲ್ದಾಣದಲ್ಲಿ ಈ ಬಾಕಿ, ಬಿಸಿಲೇರಿ ಮಂಜು ಕರಗಿದ ಮೇಲೂ ಗಂಟೆಗಟ್ಟಲೆ ತೀರುವುದಿಲ್ಲ.

ಪೈಲಟ್‌ಗಳ ಕೆಲಸದ ಅವಧಿಗೂ ನಿಯಮದ ಮಿತಿಯಿದೆ, ಅದು ಇರಲೇಬೇಕು. ಕಾಯುವುದರಲ್ಲೇ ಆ ಅವಧಿ ಮುಗಿದು, ಬದಲಿ ಪೈಲಟ್ ಸಿಗದಿದ್ದರೆ ಹಾರಾಟ ರದ್ದಾಗಬಹುದು.

ದಾವಣಗೆರೆ, ಚಿತ್ರದುರ್ಗದಿಂದ ದೇವನಹಳ್ಳಿಗೆ ಹಲವು ಗಂಟೆಗಳ ದಾರಿಯಾದ್ದರಿಂದ, ಡಿಸೆಂಬರ್–ಜನವರಿಯಲ್ಲಿ ನಿಮ್ಮ ವಿಮಾನ ಬೆಂಗಳೂರಿಗೆ ಎಲ್ಲಿಂದ ಬರಬೇಕಿದೆ ಎಂಬುದನ್ನು ನೋಡಿಕೊಳ್ಳಿ. ಆದರೂ ವಿಮಾನ ಸಂಸ್ಥೆ ಹೊಸ ಸಮಯ ತಿಳಿಸದ ಹೊರತು ಮನೆಯಿಂದ ತಡವಾಗಿ ಹೊರಡಬೇಡಿ, ಏಕೆಂದರೆ ಅವರು ಬೇರೊಂದು ವಿಮಾನವನ್ನು ಒದಗಿಸಿ ಸಮಯಕ್ಕೇ ಹೊರಡಿಸಬಹುದು.