ಪ್ರಶ್ನೋತ್ತರ: ಗ್ರಹಣದ ದಿನ ಆರಿದ ಒಲೆ

ಪ್ರಶ್ನೆ: 2025ರ ಸೆಪ್ಟೆಂಬರ್ 7ರ ಚಂದ್ರಗ್ರಹಣದ ದಿನ, ಸರ್ಕಾರದ ಅನುದಾನ ಪಡೆಯುವ ನಮ್ಮೂರಿನ ಒಂದು ವಿದ್ಯಾರ್ಥಿನಿಲಯದಲ್ಲಿ ಮಧ್ಯಾಹ್ನ ಹನ್ನೆರಡೂವರೆಗೆ ಆರಿಸಿದ ಒಲೆಯನ್ನು ಮರುದಿನ ಬೆಳಿಗ್ಗೆಯೇ ಹಚ್ಚಿದ್ದು. ಗ್ರಹಣದಿಂದ ಅನ್ನ ಕೆಡುವುದಿಲ್ಲವೆಂದು ನಾನು ವಾದಿಸಿದಾಗ ವಾರ್ಡನ್, ‘ವಿಜ್ಞಾನವೂ ನಿಮ್ಮದೊಂದು ನಂಬಿಕೆ, ಅದು ಯಾರಿಗೆ ನೀತಿ ಕಲಿಸಿದೆ?’ ಎಂದರು. ನನಗೆ ಉತ್ತರ ಹೊಳೆಯಲಿಲ್ಲ. ನೀವೇನು ಹೇಳುತ್ತೀರಿ?
– ಓದುಗರೊಬ್ಬರು, ಹಾಸನ

ಉತ್ತರ: ವಾರ್ಡನ್ನರ ಎರಡನೆಯ ಮಾತಿನಲ್ಲಿ ಹುರುಳಿದೆ, ಅದನ್ನು ಮೊದಲೇ ಒಪ್ಪಿಕೊಂಡುಬಿಡೋಣ. ಹಸಿದ ಮಗುವಿನ ದೇಹದಲ್ಲಿ ಏನಾಗುತ್ತದೆಂದು ವಿಜ್ಞಾನ ತಿಳಿಸೀತು. ಮಗುವನ್ನು ಹಸಿವಿನಲ್ಲಿ ಮಲಗಿಸಬಾರದೆಂಬ ತಿಳಿವಳಿಕೆ ಪ್ರಯೋಗಶಾಲೆಯಿಂದ ಬರುವುದಿಲ್ಲ. ಅದು ಕರುಣೆಯಿಂದ ಬರುತ್ತದೆ, ಎಷ್ಟೋ ಜನರಿಗೆ ಧರ್ಮದಿಂದಲೇ ಬಂದಿದೆ.

ಆದರೆ ಅನ್ನ ಕೆಡುತ್ತದೆಯೇ ಎಂಬುದು ಪರೀಕ್ಷೆ ಮಾಡಿ ನೋಡಬಹುದಾದ ಸಂಗತಿ. ಅಂದು ರಾತ್ರಿ 9.58ಕ್ಕೆ ಚಂದ್ರನನ್ನು ಹಿಡಿದು 1.26ಕ್ಕೆ ಬಿಟ್ಟದ್ದು ಭೂಮಿಯ ನೆರಳು. ರಾತ್ರಿಯೆಂಬುದೂ ಅದೇ ನೆರಳು. ನಾವು ದಿನವೂ ಅದರೊಳಗೆ ಕುಳಿತೇ ಮುದ್ದೆ ಉಣ್ಣುತ್ತೇವೆ. ನಿಮ್ಮ ಹಾಸನದಲ್ಲಿ 1982ರಿಂದ ಇರುವ, ಉಪಗ್ರಹಗಳನ್ನು ನಿಯಂತ್ರಿಸುವ ಇಸ್ರೋದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿಯವರಿಗಂತೂ ಈ ನೆರಳು ಕಚೇರಿಯ ಕೆಲಸವೇ ಆಗಿದೆ: ಹಗಲು ರಾತ್ರಿ ಸಮವಾಗುವ ಮಾರ್ಚ್ ಮತ್ತು ಸೆಪ್ಟೆಂಬರ್ ವಿಷುವಗಳ ಆಸುಪಾಸಿನಲ್ಲಿ ಸುಮಾರು ಆರು ವಾರ, ನೆಲದಿಂದ ನೋಡಿದರೆ ಒಂದೇ ಕಡೆ ನಿಂತಂತಿರುವ ಭೂಸ್ಥಿರ ಉಪಗ್ರಹಗಳು ದಿನಕ್ಕೊಮ್ಮೆ, ಹೆಚ್ಚೆಂದರೆ 72 ನಿಮಿಷ, ಅದರೊಳಗೆ ಹಾದುಹೋಗುವಾಗ ಸೌರಫಲಕಗಳಿಗೆ ಬಿಸಿಲಿಲ್ಲದೆ ಬ್ಯಾಟರಿಯಿಂದಲೇ ನಡೆಯಬೇಕಾಗುತ್ತದೆ. ಅಲ್ಲಿನ ಎಂಜಿನಿಯರೊಬ್ಬರು ಮನೆಗೆ ಹೋಗಿ ಗ್ರಹಣದ ಸ್ನಾನ ಮಾಡಿದರೆ ನನ್ನ ತಕರಾರಿಲ್ಲ. ಬ್ಯಾಟರಿಯ ಲೆಕ್ಕಕ್ಕೆ ಸೂತಕವನ್ನು ಸೇರಿಸಿದರೆ ಮಾತ್ರ ತಕರಾರು.

ಇನ್ನು ಧರ್ಮದ ಕಡೆಯಿಂದಲೇ ನೋಡಿದರೂ ವಾರ್ಡನ್ನರ ವಾದ ನಿಲ್ಲುವುದಿಲ್ಲ. ಚಂದ್ರಗ್ರಹಣಕ್ಕೆ ಮೂರು ಯಾಮ, ಅಂದರೆ ಒಂಬತ್ತು ಗಂಟೆ ಮೊದಲು ಊಟ ನಿಲ್ಲಿಸಬೇಕೆನ್ನುವ ಸಂಪ್ರದಾಯವೇ ಬಾಲರು, ವೃದ್ಧರು, ರೋಗಿಗಳಿಗೆ ರಿಯಾಯಿತಿ ಕೊಟ್ಟಿದೆ. ಸಂಜೆ ಐದಕ್ಕೆ ಉಣಿಸಿದ್ದರೆ ಪಂಚಾಂಗದವರೂ ಆಕ್ಷೇಪಿಸುತ್ತಿರಲಿಲ್ಲ. ವಾರ್ಡನ್ ತಾವು ಉಪವಾಸವಿರುವುದು ಅವರ ಧರ್ಮ; ಸಾರ್ವಜನಿಕ ಹಣದ ಒಲೆಯನ್ನು ಎಲ್ಲರ ಪರವಾಗಿ ಆರಿಸುವುದು ಅಧಿಕಾರ, ಮತ್ತು ಅಧಿಕಾರ ಚಲಾಯಿಸುವವರು ತಮ್ಮ ನಂಬಿಕೆಯನ್ನು ಒಪ್ಪದವರಿಗೂ ಅರ್ಥವಾಗುವ ಕಾರಣ ಕೊಡಬೇಕು.

ಈ ಮಾತು ವಿಚಾರವಾದಿಗಳೆನಿಸಿಕೊಂಡ ನಮಗೂ ಸಲ್ಲುತ್ತದೆ. ಸೋವಿಯತ್ ಒಕ್ಕೂಟದಲ್ಲಿ ಕೃಷಿವಿಜ್ಞಾನಿ ಲೈಸೆಂಕೋನ ತಪ್ಪು ತಳಿ ಸಿದ್ಧಾಂತ ಆಳುವವರ ರಾಜಕೀಯ ಸಿದ್ಧಾಂತಕ್ಕೆ ಹೊಂದಿತೆಂಬ ಕಾರಣಕ್ಕೆ ಗೆದ್ದಿತು. ಅದನ್ನು ವಿರೋಧಿಸಿದ ಸಸ್ಯವಿಜ್ಞಾನಿ ವಾವಿಲೋವ್ 1940ರಲ್ಲಿ ಬಂಧಿತರಾಗಿ 1943ರಲ್ಲಿ ಸೆರೆಮನೆಯಲ್ಲೇ ಸತ್ತರು. ಅದೆಲ್ಲವೂ ನಡೆದದ್ದು ವಿಜ್ಞಾನದ ಹೆಸರಿನಲ್ಲಿ. ಉಪವಾಸವಿರುವ ಹುಡುಗನ ಎದುರು ಬೇಕೆಂದೇ ಚುರುಮುರಿ ತಿಂದು ತೋರಿಸುವುದೂ, ಸಣ್ಣ ಅಳತೆಯಲ್ಲಿ, ಅದೇ ದರ್ಪ. ನಾಗರಿಕರ ಮೂಲಭೂತ ಕರ್ತವ್ಯಗಳನ್ನು ಹೇಳುವ, 1976ರಲ್ಲಿ ಸಂವಿಧಾನಕ್ಕೆ ಸೇರಿದ 51ಎ ವಿಧಿ ವೈಜ್ಞಾನಿಕ ಮನೋಭಾವವನ್ನು ಒಂಟಿಯಾಗಿ ಬಿಡದೆ ಮಾನವೀಯತೆಯನ್ನೂ ಅದೇ ಸಾಲಿನಲ್ಲಿ ಹೇಳಿರುವುದು ನನಗೆ ಇಷ್ಟವಾಗುತ್ತದೆ.

2026ರ ಮಾರ್ಚ್ 3ರ ಹಾಗೆ ಹಾಸನದಲ್ಲಿ ಚಂದ್ರ ಹುಟ್ಟುವಾಗಲೇ ಗ್ರಹಣ ಹಿಡಿದಿರುವ ದಿನಗಳಲ್ಲಿ ಇಡೀ ಹಗಲು ಅಡುಗೆಮನೆ ಮುಚ್ಚುವ ಯೋಚನೆ ವಾರ್ಡನ್ನರಿಗೆ ಬಂದರೂ ಬಂದೀತು. ಉಪವಾಸ ಮಾಡುವವರು ಮಾಡಲಿ, ಒಲೆ ಮಾತ್ರ ಉರಿಯುತ್ತಿರಲಿ ಎಂದು ಈಗಲೇ ಆಡಳಿತ ಮಂಡಳಿಗೆ ಎರಡು ಸಾಲಿನ ಮನವಿ ಕೊಟ್ಟಿರಿ.