ಮಗುವನ್ನು ಎತ್ತಿಕೊಳ್ಳದ ತಾಯಿ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ಸಮಾಲೋಚನೆಗೆ ಸಮಯ ಕೇಳಿ ನನಗೆ ಫೋನ್ ಮಾಡಿದವರು ಗಂಡ. "ಮಗು ಹುಟ್ಟಿ ಐದು ವಾರ ಆಯ್ತು ಮೇಡಂ. ಹಾಲು ಕುಡಿಸ್ತಾಳೆ, ಕುಡಿಸಿದ ತಕ್ಷಣ ನಮ್ಮಮ್ಮನ ಕೈಗೆ ಕೊಟ್ಟು ಎದ್ದು ಹೋಗ್ತಾಳೆ. ಸ್ನಾನ, ಬಟ್ಟೆ ಬದಲಾಯಿಸೋದು ಯಾವುದಕ್ಕೂ ಹತ್ರ ಬರಲ್ಲ. ಅವಳಿಗೆ ಮಗು ಮೇಲೆ ಪ್ರೀತಿನೇ ಹುಟ್ಟಿಲ್ವೇನೋ ಅಂತ ಮನೇಲಿ ಅಂತಿದಾರೆ."

ಮಗುವನ್ನೂ ಕರೆದುಕೊಂಡು ಮೂವರೂ ಬಂದರು. ಮಗು ಅತ್ತೆಯ ಮಡಿಲಲ್ಲಿತ್ತು, ಈಕೆ ಕೋಣೆಯ ಇನ್ನೊಂದು ತುದಿಯ ಕುರ್ಚಿಯಲ್ಲಿ. ಗಂಡ ಮಾತಾಡುತ್ತಿದ್ದಷ್ಟು ಹೊತ್ತೂ ನಾನು ಈಕೆಯನ್ನೇ ಗಮನಿಸುತ್ತಿದ್ದೆ. ಮಗು ಸ್ವಲ್ಪ ಮುಲುಗಿದರೂ ಕತ್ತು ಅತ್ತ ತಿರುಗುತ್ತಿತ್ತು. ಒಮ್ಮೆ ಹೊದಿಕೆಯ ಅಂಚು ಜಾರಿ ಮಗುವಿನ ಮೂಗಿನ ಹತ್ತಿರ ಬಂತು. ಅತ್ತೆ ನೋಡುವ ಮೊದಲೇ ಈಕೆ ಅರ್ಧ ಎದ್ದು, "ಅತ್ತೆ, ಮೂಗು" ಎಂದು ಮತ್ತೆ ಕೂತರು. ಕೈ ಮಾತ್ರ ಚಾಚಲಿಲ್ಲ. ಪ್ರೀತಿ ಇಲ್ಲದವರು ಹೀಗೆ ಕಾವಲು ಕಾಯುವುದಿಲ್ಲ. ಇದು ಭಯವಿರಬೇಕು ಎಂದು ನನಗೆ ಆಗಲೇ ಅನಿಸಿತು. ಯಾವುದರ ಭಯ ಎನ್ನುವುದು ಮಾತ್ರ ಗೊತ್ತಿರಲಿಲ್ಲ.

ಉಳಿದವರನ್ನು ಹೊರಗೆ ಕೂರಲು ಹೇಳಿ, ನಿದ್ದೆ, ಊಟ, ಹೊಲಿಗೆಯ ನೋವು ಎಲ್ಲ ವಿಚಾರಿಸಿದೆ. ಆಮೇಲೆ ಈ ಹಂತದಲ್ಲಿ ಪ್ರತಿ ತಾಯಿಯನ್ನೂ ಕೇಳುವ ಪ್ರಶ್ನೆ ಕೇಳಿದೆ. ಅದನ್ನು ಕೇಳುವ ಕ್ರಮ ಮುಖ್ಯ, ಮೊದಲು ಇದು ಸಾಮಾನ್ಯ ಎಂದು ಹೇಳಬೇಕು. "ಮಗುವಿಗೆ ಏನೋ ಕೆಟ್ಟದ್ದಾಗುವ ಚಿತ್ರಗಳು ಬಹಳಷ್ಟು ಹೊಸ ತಾಯಂದಿರ ತಲೆಗೆ ನುಗ್ಗುತ್ತವೆ. ಕೆಲವೊಮ್ಮೆ ತಾವೇ ಏನೋ ಮಾಡಿಬಿಟ್ಟಂತೆಯೂ ಕಾಣುತ್ತೆ. ಬೇಡ ಅಂದರೂ ಬರುತ್ತೆ. ನಿಮಗೂ ಹಾಗಾಗುತ್ತಾ?"

ತುಂಬ ಹೊತ್ತು ಮಾತಿಲ್ಲ. ಆಮೇಲೆ, "ಮೆಟ್ಟಿಲು" ಎಂದರು.

ಮನೆ ಎರಡನೇ ಮಹಡಿಯಲ್ಲಿದೆ. ಮಗುವನ್ನು ತಪಾಸಣೆಗೆಂದು ಎತ್ತಿಕೊಂಡು ಇಳಿಯುವಾಗ, ತಿರುವಿನಲ್ಲಿ ಕಂಬಿಯಾಚೆಗೆ ತಾನೇ ಕೈ ಬಿಟ್ಟಂತೆ ಕಣ್ಣಮುಂದೆ ಬಂದಿತ್ತು. ಮರುದಿನ ಮಗುವಿಗೆ ನೀರು ಹಾಕುವಾಗ ಅಂಥದೇ ಇನ್ನೊಂದು. ಅಂದಿನಿಂದ ಮೆಟ್ಟಿಲು ಬಿಟ್ಟರು, ನೀರು ಬಿಟ್ಟರು, ಕೊನೆಗೆ ಎತ್ತಿಕೊಳ್ಳುವುದನ್ನೇ ಬಿಟ್ಟರು. ಹಾಲು ಕುಡಿಸುವುದನ್ನು ಬಿಡುವಂತಿರಲಿಲ್ಲ, ಅದನ್ನು ಅತ್ತೆ ಪಕ್ಕದಲ್ಲಿದ್ದಾಗಲೇ ಮಾಡುತ್ತಿದ್ದರು. ರಾತ್ರಿಯೆಲ್ಲ ಮಕ್ಕಳನ್ನು ಕೊಂದ ತಾಯಂದಿರ ಸುದ್ದಿಗಳನ್ನು ಮೊಬೈಲಿನಲ್ಲಿ ಹುಡುಕಿ ಓದುತ್ತಿದ್ದರು, ತಾನು ಅವರಂತೆಯೇ ಇದ್ದೇನಾ ಎಂದು ನೋಡಲು. "ಹೇಳಿದ್ರೆ ಮಗೂನ ನನ್ನಿಂದ ದೂರ ಮಾಡ್ತಾರೆ ಅಂತ ಯಾರಿಗೂ ಹೇಳಿಲ್ಲ ಮೇಡಂ. ಅದಕ್ಕೇ ನಾನೇ ದೂರ ಇದೀನಿ."

ಮನೆಯವರು ನಿರ್ಲಕ್ಷ್ಯ ಎಂದುಕೊಂಡದ್ದು ಆಕೆಯ ಲೆಕ್ಕದಲ್ಲಿ ಮಗುವಿನ ರಕ್ಷಣೆಯಾಗಿತ್ತು.

ಇಂಥ ಬೇಡದ ಆಲೋಚನೆ ಬಂದವರು ಅದರಂತೆ ನಡೆದುಕೊಳ್ಳುತ್ತಾರೆ ಎಂದೇನಿಲ್ಲ. ಅದು ಆಕೆಗೆ ಹೇಸಿಗೆ ತರುತ್ತದೆ, ಬೆವರಿಳಿಸುತ್ತದೆ. ತನ್ನ ಮನಸ್ಸಿಗೆ ಪೂರಾ ವಿರುದ್ಧವಾದದ್ದು ಎಂದು ಆಕೆಗೇ ಗೊತ್ತು. ನಾವು ನಿಜವಾಗಿ ಹೆದರಬೇಕಾದದ್ದು ಪ್ರಸವೋತ್ತರ ಸೈಕೋಸಿಸ್‌ಗೆ. ಅದು ಸಾವಿರ ಹೆರಿಗೆಗಳಲ್ಲಿ 1ರಿಂದ 2ರಲ್ಲಿ ಮಾತ್ರ ಕಾಣುವಂಥದ್ದು, ಹೆಚ್ಚಾಗಿ ಮೊದಲ ಎರಡು ವಾರಗಳಲ್ಲೇ ಶುರುವಾಗುತ್ತದೆ. ಅಲ್ಲಿ ತಾಯಿಗೆ ಇಲ್ಲದ ಧ್ವನಿ ಕೇಳಿಸಬಹುದು, ಮಗುವಿನ ಬಗ್ಗೆ ವಿಚಿತ್ರ ನಂಬಿಕೆ ಗಟ್ಟಿಯಾಗಬಹುದು, ನಿದ್ದೆಯೇ ಬೇಡ ಎನ್ನುವಷ್ಟು ಉತ್ಸಾಹ ಅಥವಾ ದಿಕ್ಕು ತಪ್ಪಿದಂಥ ಗೊಂದಲ ಇರಬಹುದು. ತನ್ನ ಆಲೋಚನೆ ಸರಿ ಎಂದೇ ಆಕೆಗೆ ಅನಿಸಬಹುದು. ಹಾಗಿದ್ದರೆ ಸಮಾಲೋಚನೆಗೆ ಸಮಯ ಕೇಳುತ್ತ ಕೂರಬಾರದು, ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಅಲ್ಲಿಯವರೆಗೆ ತಾಯಿಯನ್ನು ಒಂಟಿಯಾಗಿಯೂ ಬಿಡಬಾರದು, ಮಗುವಿನ ಜೊತೆ ಒಬ್ಬಳನ್ನೇ ಬಿಡಲೂಬಾರದು. ಸಾಯುವ ಮಾತು, ಅದಕ್ಕೆ ಸಿದ್ಧತೆ ಕಂಡರೂ ಅಷ್ಟೇ. ಒಂದೊಂದನ್ನೂ ಬಿಡಿಸಿ ಕೇಳಿದೆ, ಈಕೆಯಲ್ಲಿ ಯಾವುದೂ ಇರಲಿಲ್ಲ.

ಆದರೆ "ಎಲ್ಲರಿಗೂ ಆಗುತ್ತೆ, ಹೋಗುತ್ತೆ" ಎಂದು ಬಿಡುವ ಸ್ಥಿತಿಯೂ ಅಲ್ಲ. ಹೆರಿಗೆಯಾದ ಎರಡು ಮೂರು ದಿನಕ್ಕೆ ಬರುವ ಅಳು, ಸಿಡುಕು ಹೆಚ್ಚಿನವರಿಗೆ ಇದ್ದದ್ದೇ. ಹಾರ್ಮೋನುಗಳು ಒಮ್ಮೆಗೇ ಇಳಿದುಹೋಗುವ ಕಾಲ ಅದು, ಎರಡು ವಾರದೊಳಗೆ ತಿಳಿಯಾಗುತ್ತದೆ. ಐದನೇ ವಾರದಲ್ಲೂ ಇದ್ದರೆ ಬೇರೆಯೇ ನೋಡಬೇಕು. ಹೆರಿಗೆಯ ನಂತರದ ಖಿನ್ನತೆಯ ಸುಳಿವು ಹಿಡಿಯಲು 1987ರಲ್ಲಿ ರೂಪಿಸಿದ ಎಡಿನ್‌ಬರೋ ಪ್ರಶ್ನಾವಳಿ ಎಂಬುದೊಂದಿದೆ. ಹತ್ತು ಪ್ರಶ್ನೆ, ಗರಿಷ್ಠ 30 ಅಂಕ. 13 ಅಥವಾ ಅದಕ್ಕಿಂತ ಹೆಚ್ಚು ಬಂದರೆ ವೈದ್ಯರಿಂದ ಪೂರ್ತಿ ಪರೀಕ್ಷೆ ಆಗಬೇಕು ಎಂಬುದು ಸಾಮಾನ್ಯವಾಗಿ ಪಾಲಿಸುವ ಗೆರೆ. ಈಕೆಯದು ದಾಟಿತ್ತು. ಹತ್ತನೆಯ ಪ್ರಶ್ನೆ ತನಗೆ ತಾನೇ ಹಾನಿ ಮಾಡಿಕೊಳ್ಳುವ ಯೋಚನೆಯ ಬಗ್ಗೆ. ಅಂಕ ಎಷ್ಟೇ ಇರಲಿ, ನಾನು ಮೊದಲು ನೋಡುವುದು ಅದನ್ನೇ. 'ಎಂದೂ ಇಲ್ಲ' ಎಂದು ಗುರುತು ಹಾಕಿದ್ದರು. ಮನೋವೈದ್ಯರಿಗೆ ಪತ್ರ ಕೊಟ್ಟು ಕಳಿಸಿದೆ. ಖಿನ್ನತೆಯ ಜೊತೆ ಗೀಳಿನ ಲಕ್ಷಣವೂ ಇದೆ ಎಂದು ಅವರು ಗುರುತಿಸಿದರು. ಹಾಲು ಬಿಡಿಸಬೇಕಾಗುತ್ತದೋ ಎಂಬ ಹೆದರಿಕೆ ಈಕೆಗಿತ್ತು. ಬಿಡಿಸಬೇಕಿಲ್ಲ, ಹಾಲುಣಿಸುತ್ತಲೇ ತೆಗೆದುಕೊಳ್ಳಬಹುದಾದ ಮಾತ್ರೆಗಳಿವೆ.

ನನ್ನ ಪಾಲಿನ ಕೆಲಸ ಮನೆಯೊಳಗಿನದು.

ಆಕೆಗೆ ಹೇಳಿದ್ದು: ಚಿತ್ರ ಬಂದಾಗ ಅದರ ಜೊತೆ ಜಗಳಕ್ಕೆ ನಿಲ್ಲಬೇಡಿ. 'ಮತ್ತೆ ಬಂತು' ಅಂದುಕೊಂಡು, ಕೈಯಲ್ಲಿರುವ ಕೆಲಸ ಮುಂದುವರಿಸಿ. ದೂರ ಸರಿದಾಗಲೆಲ್ಲ 'ಸರಿದದ್ದಕ್ಕೇ ಮಗು ಉಳಿಯಿತು' ಎಂದು ಮನಸ್ಸು ಕಲಿಯುತ್ತದೆ, ಭಯ ಬಲಿಯುತ್ತದೆ. ಹಾಗಾಗಿ ವಾಪಸು ಬರುವುದು ಒಂದೊಂದೇ ಹೆಜ್ಜೆ. ಮೊದಲು ಹಾಸಿಗೆ ಮೇಲೆ ಕೂತು ಎತ್ತಿಕೊಳ್ಳುವುದು, ಆಮೇಲೆ ಕೋಣೆಯಲ್ಲಿ ನಡೆದಾಡುವುದು, ಆಮೇಲೆ ಬಾಗಿಲವರೆಗೆ. ಮೆಟ್ಟಿಲು ಕೊನೆಗಿರಲಿ. ರಾತ್ರಿಯ ಹುಡುಕಾಟ ಮಾತ್ರ ಇವತ್ತೇ ನಿಲ್ಲಬೇಕು. "ನಾನು ಏನೂ ಮಾಡಲ್ಲ ಅಲ್ವಾ?" ಎಂದು ಗಂಡನನ್ನು ಪದೇ ಪದೇ ಕೇಳುವುದೂ ಅದೇ ಹುಡುಕಾಟದ ಇನ್ನೊಂದು ರೂಪ.

ನಿದ್ದೆಯ ವಿಷಯಕ್ಕೆ ಗಂಡನನ್ನು ಒಳಗೆ ಕರೆದೆ. ನವಜಾತ ಶಿಶು 24 ಗಂಟೆಯಲ್ಲಿ 8ರಿಂದ 12 ಸಲ ಹಾಲು ಕೇಳುತ್ತದೆ, ಎರಡು ಮೂರು ತಿಂಗಳಾಗುವವರೆಗೆ ಅದಕ್ಕೆ ಹಗಲು ರಾತ್ರಿಯ ವ್ಯತ್ಯಾಸ ಸರಿಯಾಗಿ ತಿಳಿಯುವುದಿಲ್ಲ. ತುಂಡು ತುಂಡು ನಿದ್ದೆಯಲ್ಲಿ ಎಂಥ ಗಟ್ಟಿ ಮನಸ್ಸೂ ಸಡಿಲಾಗುತ್ತದೆ. ಮಗುವಿನ ತೂಕ ಚೆನ್ನಾಗಿ ಏರುತ್ತಿತ್ತು, ಮಕ್ಕಳ ವೈದ್ಯರೂ ಒಪ್ಪಿದರು. ರಾತ್ರಿ ಒಂದು ಸಲದ ಹಾಲು ಮೊದಲೇ ಹಿಂಡಿಟ್ಟು ಗಂಡ ಕುಡಿಸುವುದು, ಆಕೆಗೆ ನಾಲ್ಕೈದು ಗಂಟೆ ಒಂದೇ ಸಮನೆ ನಿದ್ದೆ ಎಂದು ಗೊತ್ತುಮಾಡಿದೆವು. ತೇಗು ತರಿಸುವುದು, ಡೈಪರ್, ಮಲಗಿಸುವುದು ಎಲ್ಲ ಅವರದೇ. ಮಗು ಅಂಗಾತ, ಗಟ್ಟಿಯಾದ ಸಮತಟ್ಟು ಹಾಸಿಗೆಯ ಮೇಲೆ, ಅಕ್ಕಪಕ್ಕ ದಿಂಬು ಇಲ್ಲದೆ ಮಲಗಬೇಕು. ಎದೆ ಮೇಲೆ ಹಾಕಿಕೊಂಡು ಸೋಫಾದಲ್ಲಿ ತೂಕಡಿಸುವುದು ಅಪಾಯ, ದಣಿದ ಅಪ್ಪಂದಿರು ಮಾಡುವುದು ಹೆಚ್ಚಾಗಿ ಅದನ್ನೇ.

"ಅವಳು ಏನು ಹೇಳಿದ್ರೂ ಮಾಡ್ತೀನಿ ಮೇಡಂ" ಎಂದರು. ಒಳ್ಳೆಯ ಮನಸ್ಸಿನ ಮಾತೇ, ಆದರೆ ನಾನು ಒಪ್ಪಲಿಲ್ಲ. ಏನು ಮಾಡಬೇಕೆಂದು ನೆನಪಿಟ್ಟು ಹೇಳುವುದೂ ಒಂದು ಕೆಲಸ, ಅದೂ ಆಕೆಯ ತಲೆ ಮೇಲೇ ಉಳಿಯುತ್ತದೆ. ಡೈಪರ್ ನಿಮ್ಮದು ಎಂದರೆ ಖಾಲಿಯಾಗುತ್ತಿರುವುದು ಗಮನಿಸಿ ತರುವುದೂ ನಿಮ್ಮದೇ.

ಮುಂದಿನ ವಾರ ಅಳು ಹೆಚ್ಚಬಹುದು ಎಂದೂ ಮುಂಚಿತವಾಗಿ ಹೇಳಿದೆ. ಆರನೇ ವಾರದ ಆಸುಪಾಸಿನಲ್ಲಿ ಅಳು ತಾರಕಕ್ಕೇರಿ ಮೂರು ನಾಲ್ಕು ತಿಂಗಳಿಗೆ ಇಳಿಯುವುದು ವಾಡಿಕೆ. ಹೇಳದಿದ್ದರೆ ಅದನ್ನೂ ಆಕೆ ತನ್ನ ಲೆಕ್ಕಕ್ಕೇ ಬರೆದುಕೊಳ್ಳುತ್ತಿದ್ದರು. ಸಹನೆ ಮೀರಿದರೆ ಮಗುವನ್ನು ಸುರಕ್ಷಿತವಾಗಿ ಮಲಗಿಸಿ ಐದು ನಿಮಿಷ ಪಕ್ಕದ ಕೋಣೆಗೆ ಹೋಗಿ, ಯಾವ ಕಾರಣಕ್ಕೂ ಅಲುಗಾಡಿಸಬೇಡಿ. ಮೈ ಬಿಸಿ 38 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಮಾತ್ರ ಕಾಯದೆ ವೈದ್ಯರ ಹತ್ತಿರ ಹೋಗಿ.

ಅತ್ತೆಯವರಿಗೆ, ಸೊಸೆ ಒಪ್ಪಿದಷ್ಟನ್ನೇ ಹೇಳಿದೆ. ಮಗು ಅತ್ತ ಕೂಡಲೇ ಅವಳ ಕೈಯಿಂದ ತೆಗೆದುಕೊಳ್ಳಬೇಡಿ, ಪಕ್ಕದಲ್ಲಿ ಕೂತಿರಿ ಎಂದೆ. "ಅದು ಅಳ್ತಾ ಇದ್ರೆ ನಾನು ಸುಮ್ನೆ ಕೂತಿರ್ಲಾ?" ಎಂದು ನೇರವಾಗಿ ಕೇಳಿದರು. ಹೀಗೆ ತಗಾದೆ ತೆಗೆಯುವ ಅಜ್ಜಿಯರೇ ನನಗಿಷ್ಟ, ಅವರು ಕೇಳಿಸಿಕೊಂಡಿರುತ್ತಾರೆ. ಸೊಸೆ ಕರೆದರೆ ಮಾತ್ರ ಎತ್ತಿಕೊಳ್ಳುವುದು ಎಂಬಲ್ಲಿಗೆ ರಾಜಿಯಾಯಿತು.

ಈಗ ಮಗುವಿಗೆ ಮೂರು ತಿಂಗಳು ದಾಟಿದೆ. ಸ್ನಾನ ಈಕೆಯೇ ಮಾಡಿಸುತ್ತಾರೆ. ಚಿತ್ರಗಳು ಪೂರ್ತಿ ನಿಂತಿಲ್ಲ, ಬಂದರೂ ಮೊದಲಿನಷ್ಟು ಹೊತ್ತು ಇರುವುದಿಲ್ಲ. ಮೆಟ್ಟಿಲಿಳಿಯಲು ಇನ್ನೂ ಗಂಡ ಜೊತೆಗೆ ಬೇಕು. ಮಾತ್ರೆ ಮುಂದುವರಿದಿದೆ.

ಕಳೆದ ಭೇಟಿಯಲ್ಲಿ ಗಂಡನ ಬಗ್ಗೆ ಮಾತೆತ್ತಿದ್ದು ಈಕೆಯೇ. ಕೆಲಸ ಮುಗಿಸಿ ಬಂದವರು ಮನೆ ಕೆಳಗೇ ಗಾಡಿಯಲ್ಲಿ ಅರ್ಧ ಗಂಟೆ ಕೂತಿರುತ್ತಾರಂತೆ, ಕರೆದರೆ ಸಿಡುಕುತ್ತಾರಂತೆ. ಹೊಸ ಅಪ್ಪಂದಿರಲ್ಲೂ ಹತ್ತರಲ್ಲಿ ಒಬ್ಬರಿಗೆ ಖಿನ್ನತೆ ಬರುತ್ತದೆ, ಅವರಲ್ಲಿ ಅದು ಅಳುವಿಗಿಂತ ಸಿಡುಕಾಗಿ, ದೂರ ಉಳಿಯುವುದಾಗಿ ಕಾಣುವುದೇ ಹೆಚ್ಚು. ಮುಂದಿನ ವಾರ ಅವರಿಗೆ ಬೇರೆಯಾಗಿ ಸಮಯ ಕೊಟ್ಟಿದ್ದೇನೆ. ಅದೇ ಪ್ರಶ್ನಾವಳಿಯಿಂದಲೇ ಶುರುಮಾಡುತ್ತೇವೆ.